ಚಾತಕ: ಕಾವ್ಯದ ಸಾಕ್ಷ್ಯ, ತೋಟದ ಸಾಕ್ಷ್ಯ

ಚಾತಕವು ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಕುಡಿಯದೆಂಬುದು ಕವಿಗಳ ರೂಢಿ. ಕಾಳಿದಾಸನ ‘ಮೇಘದೂತ’ದಲ್ಲಿಯೂ ಅದು ಮೇಘದ ಎಡಗಡೆ ಇಂಪಾಗಿ ಕೂಗುತ್ತದೆ. ಇತಿಹಾಸದ ಅಭ್ಯಾಸಿಗಳಾದ ನಾವು ಕಾವ್ಯವನ್ನು ಸಾಕ್ಷ್ಯವೆಂದು ಸ್ವೀಕರಿಸುವ ಮುನ್ನ ಪರೀಕ್ಷಿಸುವುದು ಯುಕ್ತ. ಬಯಲುಸೀಮೆಯ ಮಿತವಾದ ಮಳೆಯಲ್ಲಿ ತೆಂಗನ್ನು ಬೆಳೆಸುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನಿಗೆ ಮುಂಗಾರಿನ ಸೂಚನೆಯು ವಿನೋದದ ಮಾತಲ್ಲ.

ಮೊದಲು ಹಕ್ಕಿಯ ಗುರುತು. ಮೇಲ್ಮೈ ಕಪ್ಪು, ಕೆಳಮೈ ಬಿಳುಪು. ತಲೆಯಲ್ಲಿ ಕಪ್ಪು ಜುಟ್ಟು. ರೆಕ್ಕೆಯಲ್ಲಿ ಬಿಳಿಯ ಮಚ್ಚೆ. ನೀಳವಾದ ಬಾಲದ ಗರಿಗಳಿಗೆ ಬಿಳಿಯ ತುದಿ. ಗಂಡುಕೋಗಿಲೆಯು ಪೂರ್ಣ ಕಪ್ಪು, ಅದಕ್ಕೆ ಜುಟ್ಟಿಲ್ಲ. ಚಾತಕದ ಸಮೀಪಬಂಧುವಾದ ಇನ್ನೊಂದು ಜುಟ್ಟಿನ ಹಕ್ಕಿಗೆ ರೆಕ್ಕೆ ಕೆಂಗಂದು, ಕತ್ತಿನ ಹಿಂದೆ ಬಿಳಿಯ ಪಟ್ಟಿ. ಚಾತಕಕ್ಕೆ 1783ರಲ್ಲಿ ಬೊಡ್ಡೇರ್ಟನು ಕೊಟ್ಟ ಶಾಸ್ತ್ರೀಯ ನಾಮವು ಕಪ್ಪು-ಬಿಳುಪು ಉಡುಪಿನ ಕ್ರೈಸ್ತ ಸಂನ್ಯಾಸಿಗಳನ್ನು ನೆನಪಿಸುತ್ತದೆ.

ಉತ್ತರ ಭಾರತಕ್ಕೆ ಇದು ಆಫ್ರಿಕದಿಂದ ಮುಂಗಾರಿನೊಡನೆ ಬರುವ ಅತಿಥಿ. ದಕ್ಷಿಣದಲ್ಲಿಯಾದರೋ ತುಸು ಚಿಕ್ಕದಾದ ಉಪಜಾತಿಯೊಂದು ನೆಲೆಸಿಯೇ ಇದೆ. ಆದುದರಿಂದ ನಮ್ಮ ಸೀಮೆಯಲ್ಲಿ ಹಕ್ಕಿ ಕಂಡ ಮಾತ್ರಕ್ಕೆ ಮಳೆ ಬಂತೆನ್ನಲಾಗದು.

ಹಾಗೆಂದು ಕವಿವಾಣಿ ನಿರಾಧಾರವಲ್ಲ. ಚಾತಕದ ಮುಖ್ಯ ಆಹಾರ ಕಂಬಳಿಹುಳು ಮೊದಲಾದ ಕೀಟಗಳು. ಮಳೆಗೆ ಹಸಿರು ಚಿಗುರಿದಾಗ ಅವು ಹೆಚ್ಚುತ್ತವೆ. ಹಕ್ಕಿಯ ಕೂಗೂ ಸಂತಾನಕಾರ್ಯವೂ ಬಹುಮಟ್ಟಿಗೆ ಆಗಲೇ. ತಾನು ಗೂಡು ಕಟ್ಟದೆ, ಹರಟೆಮಲ್ಲಗಳ ಗೂಡಿನಲ್ಲಿ ಅವುಗಳ ಮೊಟ್ಟೆಯನ್ನೇ ಹೋಲುವ ನೀಲಿ ಮೊಟ್ಟೆಯನ್ನಿಡುತ್ತದೆ. ಹರಟೆಮಲ್ಲಕ್ಕೆ ಪೊದೆಯೂ ಬೇಲಿಯೂ ಬೇಕು. ಹಸಿರುಬೇಲಿಯನ್ನು ಕಿತ್ತು ತಂತಿ ಬಿಗಿದ ತೋಟದಲ್ಲಿ ಮಳೆ ಸುರಿದರೂ ಚಾತಕಕ್ಕೆ ಎಡೆಯಿರದು.