ಬರಗಾಲ ಹಾಕಿಸಿದ ಹಳಿ

ಚನ್ನಪಟ್ಟಣ ಎಂದರೆ ಎಲ್ಲರಿಗೂ ನೆನಪಾಗುವುದು ಆಲೆ ಮರದ ಬೊಂಬೆ. ಅದೇ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ಬೆಂಗಳೂರು–ಮೈಸೂರು ರೈಲು ಮಾರ್ಗ ಒಮ್ಮೆಗೇ ತೆರೆಯಲಿಲ್ಲ. 1881ರಲ್ಲಿ ಮೊದಲು ರೈಲು ಓಡಿದ್ದು ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ, ಸುಮಾರು 56 ಕಿ.ಮೀ. ದೂರ. ಮದ್ದೂರು, ಮಂಡ್ಯ ಹಾಯ್ದು ಹಳಿ ಮೈಸೂರು ಮುಟ್ಟಿದ್ದು 1882ರ ಫೆಬ್ರುವರಿಯಲ್ಲಿ.

ಈ ಹಳಿ ಹಾಕಿಸಿದ್ದು ಬರಗಾಲ. 1876–78ರ ಆ ಕ್ಷಾಮವನ್ನು ಹಳಬರು ಧಾತು–ಈಶ್ವರ ಬರ ಎನ್ನುತ್ತಿದ್ದರು. ಮೈಸೂರು ಸೀಮೆಯ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಜನ ಅದಕ್ಕೆ ಬಲಿಯಾದರು. ಮದರಾಸಿನ ಕಡೆಯಿಂದ ಜೋಲಾರಪೇಟೆ ಮೂಲಕ ಬೆಂಗಳೂರು ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಹಾಗಾಗಿ ಧಾನ್ಯ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ದನಗಳೂ ಸಾಯುತ್ತಿದ್ದ ಕಾಲದಲ್ಲಿ ಗಾಡಿ ಎಳೆಯುವವರಾರು? ಹೀಗೆ ಮೈಸೂರಿನತ್ತ ರೈಲು ಬೇಕೆಂಬ ಮಾತು ಗಟ್ಟಿಯಾಯಿತು. ಪರಿಹಾರ ಕಾಮಗಾರಿಯಾಗಿ ಮಣ್ಣಿನ ಕೆಲಸ ಶುರುವಾಯಿತು. ಕೂಲಿ ಅರಸಿ ಬಂದ ಹಸಿದ ಜನರೇ ಈ ದಾರಿಗೆ ಮಣ್ಣು ಹೊತ್ತರು.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ದಿವಾನರಾದ ರಂಗಾಚಾರ್ಲು ಉಳಿದ ಕೆಲಸ ಮುಗಿಸಿದರು. ಸಂಸ್ಥಾನದ ಸ್ವಂತ ದುಡ್ಡಿನಲ್ಲಿ ಹಾಕಿದ ಮೀಟರ್ ಗೇಜ್ ಹಳಿ ಅದು. ಹಳಿಯನ್ನು ಇನ್ನಷ್ಟು ದೂರ ಒಯ್ಯಲು ಹಣ ಬೇಕಾದಾಗ 1886ರಲ್ಲಿ ಮಾರ್ಗ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1938ರಲ್ಲಿ ಮತ್ತೆ ಸಂಸ್ಥಾನಕ್ಕೆ, 1951ರಲ್ಲಿ ದಕ್ಷಿಣ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆಗೆ. ಯಜಮಾನರು ಬದಲಾದರು, ದಾರಿ ಬದಲಾಗಲಿಲ್ಲ.

ಸಣ್ಣ ಗೇಜಿನ ಹಳಿ ನಮ್ಮಲ್ಲಷ್ಟೇ ಇರಲಿಲ್ಲ. ಜಪಾನಿನ ಮೊದಲ ರೈಲು ಮಾರ್ಗ ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ 1872ರಲ್ಲಿ ತೆರೆಯಿತು; ಉದ್ದ ಬರೀ 29 ಕಿ.ಮೀ. ಅದೂ ಸಣ್ಣ ಗೇಜಿನದೇ, 1,067 ಮಿ.ಮೀ. ಇವತ್ತಿಗೂ ಟೋಕಿಯೊದ ದಿನನಿತ್ಯದ ರೈಲುಗಳಲ್ಲಿ ಬಹುಪಾಲು ಅದೇ ಅಳತೆಯ ಹಳಿಯ ಮೇಲೆ ಲಕ್ಷಾಂತರ ಜನರನ್ನು ಹೊರುತ್ತಿವೆ. ನಾವು ಮಾತ್ರ 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದೆವು. ಅಲ್ಲಿಯವರೆಗೆ ಮದರಾಸಿನಿಂದ ಮೈಸೂರಿಗೆ ಹೋಗುವವರು ಬೆಂಗಳೂರಿನಲ್ಲಿ ಗಂಟುಮೂಟೆ ಇಳಿಸಿ ಬೇರೆ ರೈಲು ಹತ್ತಲೇಬೇಕಿತ್ತು.

ಆಮೇಲಿನ ಹೆಜ್ಜೆ ಜೋಡಿ ಹಳಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದು ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ವಿದ್ಯುತ್ ತಂತಿಯೂ ಬಂತು. 2022ರ ನವೆಂಬರ್‌ನಲ್ಲಿ ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲು ಚೆನ್ನೈ–ಮೈಸೂರು ನಡುವೆ ಇದೇ ಹಳಿಯ ಮೇಲೆ ಓಡಲು ಶುರುವಾಯಿತು.

ವಂದೇ ಭಾರತ್ ಚನ್ನಪಟ್ಟಣದಲ್ಲಿ ನಿಲ್ಲುವುದಿಲ್ಲ. ಇಲ್ಲಿನವರ ರೈಲು ಎಂದರೆ ಪ್ಯಾಸೆಂಜರ್ ಮತ್ತು ಮೆಮು ಎಂಬ ವಿದ್ಯುತ್ ರೈಲು. ಮೆಮುವಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ; ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ತಿರುಗಿಸುವ ರಗಳೆಯಿಲ್ಲ. ಬಾಗಿಲು ಅಗಲ, ನಿಲ್ಲಲು ಜಾಗ ಹೆಚ್ಚು, ನಿಂತ ಮೇಲೆ ಬೇಗ ವೇಗ ಹಿಡಿಯುತ್ತದೆ. ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ, ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಚನ್ನಪಟ್ಟಣ: ಹತ್ತಿರ ಹತ್ತಿರ ನಿಲ್ದಾಣಗಳಿರುವ ಇಂಥ ದಾರಿಗೆ ಹೇಳಿ ಮಾಡಿಸಿದ ರೈಲು. ವಿಶ್ವವಿದ್ಯಾಲಯದ ಹುಡುಗರು ಜ್ಞಾನಭಾರತಿಯಲ್ಲಿ ಇಳಿದರೆ, ಕಾರ್ಖಾನೆಗೆ ಹೋಗುವವರಿಗೆ ಬಿಡದಿ. ಜಪಾನಿನ ಟೊಯೋಟಾ ಕಂಪನಿ ಕಾರು ಕಟ್ಟುವುದು ಅಲ್ಲಿಯೇ. ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂದ ಮೇಲೆ ಅಲ್ಲೇ ಇಳಿದು ಊರೊಳಗೆ ಹೋಗುವ ಅನುಕೂಲವೂ ಸಿಕ್ಕಿದೆ.

ಈ ದಾರಿಯ ರುಚಿ ಮದ್ದೂರು ವಡೆ. ಒಮ್ಮೆ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತಂತೆ, ಅವಸರದಲ್ಲಿ ಹಿಟ್ಟು ತಟ್ಟಿ ಎಣ್ಣೆಗೆ ಬಿಟ್ಟರಂತೆ ಎಂಬ ಕಥೆ ಈಗಲೂ ಜನರ ಬಾಯಲ್ಲಿದೆ. ರಾಮನಗರದ ಬಂಡೆಗಳಿಗೆ ಹೆಸರು ತಂದ ‘ಶೋಲೆ’ ಸಿನಿಮಾದ ರೈಲು ದರೋಡೆಯೂ ಇಲ್ಲಿಯದೇ ಎಂದುಕೊಂಡವರುಂಟು. ಆದರೆ ಆ ದೃಶ್ಯ ತೆಗೆದದ್ದು ಮುಂಬಯಿ ಕಡೆಯ ಪನ್ವೇಲ್ ಬಳಿ.

ರೈಲ್ವೆಯ ತಿಂಗಳ ಪಾಸು 150 ಕಿ.ಮೀ.ವರೆಗೆ ಸಿಗುತ್ತದೆ. ಬೆಂಗಳೂರು–ಮೈಸೂರು 138 ಕಿ.ಮೀ.; ಇಡೀ ಮಾರ್ಗ ಒಂದು ಪಾಸಿನೊಳಗೆ ಹಿಡಿಯುತ್ತದೆ. 2023ರಲ್ಲಿ ದಶಪಥ ಹೆದ್ದಾರಿ ತೆರೆದಿದೆ ನಿಜ. ಅಲ್ಲಿ ಟೋಲ್ ಕಟ್ಟಿ ದಿನಾ ಕಾರು ಓಡಿಸುವುದು ಸಣ್ಣ ಸಂಬಳದವರಿಗೆ ಆಗದ ಮಾತು. ಅವರ ಕೈಗೆಟುಕುವುದು ರೈಲೇ.

ಬೆಂಗಳೂರಿನ ಉಪನಗರ ರೈಲು ಯೋಜನೆಯ ‘ಪಾರಿಜಾತ’ ಮಾರ್ಗ ವೈಟ್‌ಫೀಲ್ಡ್‌ನಿಂದ ಹೊರಟು ಕೆಂಗೇರಿಗೇ ನಿಲ್ಲುತ್ತದೆ. ಅದನ್ನು ಚನ್ನಪಟ್ಟಣದವರೆಗೆ ಎಳೆಯಬೇಕು. ಅಷ್ಟರವರೆಗೆ ಬೆಳಗ್ಗೆ, ಸಂಜೆ ಮೆಮುಗಳನ್ನಾದರೂ ಹೆಚ್ಚಿಸಬೇಕು. ಸಂಸ್ಥಾನದ ಬೊಕ್ಕಸ ಬರಿದಾಗಿದ್ದ ಕಾಲದಲ್ಲೇ ಇಲ್ಲಿಯವರೆಗೆ ರೈಲು ತರಲು ಸಾಧ್ಯವಾಗಿತ್ತು. ಈಗ ಹಳಿ ಇದೆ, ಜೋಡಿ ಹಳಿಯೇ ಇದೆ. ಬೇಕಾಗಿರುವುದು ಮನಸ್ಸು ಮಾತ್ರ.