*ಬಾಸ್ ಮುಖದ ನಗು ಮತ್ತು ಟೀಂನ ಹೃದಯ*



ಬೆಳಿಗ್ಗೆ ಕೆಲಸಕ್ಕೆ ಹೋದ ಕೂಡಲೇ ನೀವು ಮೊದಲು ನೋಡುವುದು ಏನನ್ನು? ಕಂಪ್ಯೂಟರನ್ನಲ್ಲ, ಬಾಸ್ ಮುಖವನ್ನು. ಪುಣೆಯ ಹಿಂಜವಡಿಯ ಐಟಿ ಕಂಪನಿಯಾಗಲಿ, ಮುಂಬಯಿಯ ಮಾಟುಂಗದ ಉಡುಪಿ ಹೋಟೆಲಾಗಲಿ, ಕಥೆ ಒಂದೇ. ಗಲ್ಲಾದಲ್ಲಿ ಕೂತ ಧಣಿಗಳು ಹುಬ್ಬು ಗಂಟಿಕ್ಕಿದರೆ ಸುದ್ದಿ ಎರಡು ನಿಮಿಷದಲ್ಲಿ ಅಡುಗೆಮನೆ ತಲುಪುತ್ತದೆ.

ಎದುರಿಗಿರುವವರ ಮುಖಭಾವವನ್ನು ನಮ್ಮ ಮುಖ ತನಗೇ ತಿಳಿಯದಂತೆ ಅನುಕರಿಸುತ್ತದೆ. ಜೊತೆಗೆ ಮನಸ್ಸೂ ಸ್ವಲ್ಪ ಆ ಕಡೆ ವಾಲುತ್ತದೆ. ಸಿಡುಕು ಮುಖ ಕಂಡರೆ ದೇಹಕ್ಕೆ ಅದು ಅಪಾಯದ ಸೂಚನೆ. ಅಡ್ರಿನಲಿನ್ ಏರುತ್ತದೆ, ನಾಡಿ ಜೋರಾಗುತ್ತದೆ, ಬಿಪಿ ಮೇಲೆ ಹೋಗುತ್ತದೆ. ಒಂದು ದಿನ ಆದರೆ ಹೃದಯ ತಡೆದುಕೊಳ್ಳುತ್ತದೆ. ವರ್ಷಗಟ್ಟಲೆ ಪ್ರತಿದಿನವೂ ಹೀಗೇ ಆದರೆ?

ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಇಷ್ಟ. 189 ವಿದ್ಯಾರ್ಥಿಗಳು, 56 ಗುಂಪುಗಳು. ನಾಯಕರಿಗೆ ಮಾತ್ರ ಮೊದಲೇ ಒಂದು ವಿಡಿಯೊ ತೋರಿಸಿ ಕೆಲವರನ್ನು ಖುಷಿಯಾಗಿಸಿದರು, ಕೆಲವರ ಮೂಡ್ ಕೆಡಿಸಿದರು. ಆಮೇಲೆ ಗುಂಪಿಗೆ ಒಂದು ಕೆಲಸ ಕೊಟ್ಟರು. ನಾಯಕನ ಮೂಡ್ ಗುಂಪಿಗೂ ಅಂಟಿತು! ಖುಷಿಯಾದ ನಾಯಕರ ಗುಂಪುಗಳಲ್ಲಿ ಹೊಂದಾಣಿಕೆ ಚೆನ್ನಾಗಿತ್ತು. ಬೇಸರದ ನಾಯಕರ ಗುಂಪುಗಳು ಹೆಚ್ಚು ಶ್ರಮ ಹಾಕಿದವು. ಹಾಗಾಗಿ "ನಗುವ ಬಾಸ್ ಎಂದರೆ ಡಬಲ್ ಕೆಲಸ" ಎಂದು ಯಾರಾದರೂ ಟ್ರೈನಿಂಗ್‌ನಲ್ಲಿ ಹೇಳಿದರೆ ಪೂರ್ತಿ ನಂಬಬೇಡಿ.

ಹೃದ್ರೋಗ ವೈದ್ಯನಾಗಿ ನನಗೆ ಇನ್ನೂ ಮುಖ್ಯವೆನಿಸುವುದು ಸ್ವೀಡನ್ನಿನ ಅಧ್ಯಯನ, 2009ರದ್ದು. ಸ್ಟಾಕ್‌ಹೋಮ್ ಭಾಗದ 3,122 ಪುರುಷ ನೌಕರರನ್ನು ಸುಮಾರು ಹತ್ತು ವರ್ಷ ಗಮನಿಸಿದರು. ತಮ್ಮ ಮೇಲಧಿಕಾರಿಗೆ ಒಳ್ಳೆಯ ಅಂಕ ಕೊಟ್ಟವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಕಂಡಿತು. ಬಾಸ್ ಒಬ್ಬರೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಅಲ್ಲಿ ಕೇಳಿದ ಪ್ರಶ್ನೆಗಳನ್ನು ಗಮನಿಸಿ: ನನಗೆ ಬೇಕಾದ ಮಾಹಿತಿ ಕೊಡುತ್ತಾರೆಯೇ? ಕೆಲಸದ ಗುರಿಯನ್ನು ಅರ್ಥವಾಗುವಂತೆ ಹೇಳುತ್ತಾರೆಯೇ? ನಾನು ಹೇಗಿದ್ದೇನೆ ಎಂಬ ಕಾಳಜಿ ಇದೆಯೇ? ಹಲ್ಲು ಕಿಸಿಯುವುದಕ್ಕೆ ಅಂಕ ಇರಲಿಲ್ಲ 😊

ಈಗ ಎಲ್ಲೆಡೆ "ಬಿ ಪಾಸಿಟಿವ್" ಹುಚ್ಚು. ಸದಾ ನಗುತ್ತಾ "ಎಲ್ಲಾ ಸೂಪರ್" ಎನ್ನುವ ಲೀಡರ್ ಎದುರು ಕೆಟ್ಟ ಸುದ್ದಿ ಹೇಳಲು ಯಾರಿಗೆ ಧೈರ್ಯ ಬಂದೀತು? ನಮ್ಮ ಕ್ಯಾಥ್ ಲ್ಯಾಬನ್ನೇ ನೋಡಿ. ಆಂಜಿಯೋಪ್ಲಾಸ್ಟಿ ನಡುವೆ ರೋಗಿಯ ಬಿಪಿ ಕುಸಿದರೆ ನಾನು ಕಿರುಚಬಾರದು, ಉಳಿದವರ ಕೈ ನಡುಗುತ್ತದೆ. "ಏನೂ ಆಗಿಲ್ಲ" ಎಂದು ನಗಲೂಬಾರದು, ನರ್ಸ್ ತಾನು ಕಂಡಿದ್ದನ್ನು ಹೇಳದೆ ಸುಮ್ಮನಾಗಬಹುದು. ಮಾಸ್ಕ್ ಹಾಕಿದ ಮೇಲೆ ಮುಖ ಹೇಗೂ ಕಾಣುವುದಿಲ್ಲ, ದನಿಯೇ ಎಲ್ಲ. ಮೆಲುದನಿಯಲ್ಲಿ "ಬಿಪಿ ಎಂಬತ್ತಕ್ಕೆ ಬಂದಿದೆ, ಫ್ಲೂಯಿಡ್ ಜಾಸ್ತಿ ಮಾಡಿ, ನಿಮಗೇನು ಕಾಣಿಸ್ತಿದೆ ಹೇಳಿ" ಎಂದರೆ ಎಲ್ಲರ ತಲೆಯೂ ಓಡುತ್ತದೆ. ನಾನು ಪಾಸಿಟಿವ್ ಎನ್ನುವುದು ಇದಕ್ಕೆ.

ಇನ್ನು ಲೀಡರ್‌ಗಳೇ, ನಿಮ್ಮ ಹೃದಯದ ವಿಷಯ. ಒಳಗೆ ಕುದಿಯುತ್ತಾ ಹೊರಗೆ ನಗುವುದು ದೇಹಕ್ಕೆ ದುಬಾರಿ. ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಟ್ಟರೂ ಒಳಗಿನ ಒತ್ತಡ ಇಳಿಯುವುದಿಲ್ಲ, ರಕ್ತನಾಳಗಳ ಮೇಲಿನ ಒತ್ತಡ ಏರಬಹುದು ಎಂದು ಪ್ರಯೋಗಗಳು ತೋರಿಸಿವೆ. ಪರವೂರಿನಲ್ಲಿರುವ ನಮ್ಮವರಲ್ಲಿ ಇದು ಹೆಚ್ಚೆಂದು ನನ್ನ ಅನಿಸಿಕೆ. ದಿನವಿಡೀ ಹಿಂದಿ, ಮರಾಠಿ, ತಮಿಳು, ಇಂಗ್ಲಿಷಿನಲ್ಲಿ ನಗುಮುಖ. ಮನೆಗೆ ಬಂದು ಕನ್ನಡದಲ್ಲಿ ಸಿಡುಕು. ಊರಲ್ಲಾದರೆ ಜಗಲಿಯಲ್ಲಿ ಕೂತು ಅಣ್ಣನ ಹತ್ತಿರವೋ ಮಾವನ ಹತ್ತಿರವೋ ಹೇಳಿಕೊಳ್ಳಬಹುದಿತ್ತು. ಇಲ್ಲಿ ಹೆಂಡತಿ ಮಕ್ಕಳ ಮೇಲೆ ಹೋಗುತ್ತದೆ. ವಾರಕ್ಕೊಮ್ಮೆ ಊರಿನ ಗೆಳೆಯರಿಗೆ ಫೋನ್ ಮಾಡಿ, "ಆರಾಮಿದ್ದೀನಿ" ಎನ್ನುವುದಕ್ಕಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ. ಟೀಂ ಹತ್ತಿರವೂ "ಈ ವಾರ ಕಷ್ಟ ಇದೆ, ನಾನೂ ಜೊತೆಗಿದ್ದೇನೆ" ಎಂದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ಧೈರ್ಯದ ಮುಖ ಹೊತ್ತವರು ಎದೆನೋವನ್ನೂ ಮುಚ್ಚಿಡುತ್ತಾರೆ, ನನ್ನ ದೊಡ್ಡ ಭಯ ಅದೇ. "ಗ್ಯಾಸ್ ಇರಬೇಕು, ಪ್ರೆಸೆಂಟೇಶನ್ ಮುಗಿಯಲಿ" ಎಂದು ಕೂತುಬಿಡುತ್ತಾರೆ. ಎದೆಯ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಿನ ಕಷ್ಟ, ಇವುಗಳಲ್ಲಿ ಯಾವುದಾದರೂ ಕಂಡರೆ ಪಕ್ಕದಲ್ಲಿದ್ದವರಿಗೆ ತಕ್ಷಣ ಹೇಳಿ. 108 ಅಥವಾ 112ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೊರಡಬೇಡಿ. ಮೀಟಿಂಗನ್ನು ಬೇರೆ ಯಾರಾದರೂ ಮುಗಿಸುತ್ತಾರೆ.