ಮಹಾವೀರಾಚಾರ್ಯನ ಒಂದು ಕಂಠಾಭರಣಸಂಖ್ಯೆ

ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ ಆಗಿರುವ ಪದ್ಯಬಂಧಕ್ಕೆ ಆಲಂಕಾರಿಕರು ಗತಪ್ರತ್ಯಾಗತವೆಂದು ಹೆಸರಿಟ್ಟಿರುವರು. ಕಿರಾತಾರ್ಜುನೀಯದ ಹದಿನೈದನೆಯ ಸರ್ಗವನ್ನೂ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗವನ್ನೂ ಪಾಠ ಹೇಳಿದವರಿಗೆ ಇದು ಹೊಸತಲ್ಲ. ಅಂಕಗಳಲ್ಲಿಯೂ ಇಂಥ ಬಂಧವುಂಟೆಂಬುದನ್ನು ಸಾಹಿತ್ಯಜ್ಞರು ಅಷ್ಟಾಗಿ ಗಮನಿಸಿದಂತೆ ತೋರದು. ಅಮೋಘವರ್ಷ ನೃಪತುಂಗನ (ಕ್ರಿ. ಶ. ೮೧೪–೮೭೮) ಕಾಲದಲ್ಲಿ, ಎಂದರೆ ಕವಿರಾಜಮಾರ್ಗವು ಹುಟ್ಟಿದ ಕಾಲದಲ್ಲಿಯೇ, ಜೈನಾಚಾರ್ಯನಾದ ಮಹಾವೀರನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅದರ ಗುಣಾಕಾರಪ್ರಕರಣದಲ್ಲಿ ಬರುವ ಕೆಲವು ಲಬ್ಧಗಳನ್ನು ಆತನು ಕಂಠಾಭರಣಗಳೆಂದು ಕರೆದಿರುವನು. ೧೩೯ನ್ನು ೧೦೯ರಿಂದ ಗುಣಿಸಲು ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಲು ೧೧೧೧೧೧೧೧. ಹಾರದ ಮಣಿಗಳಂತೆ ಅಂಕಗಳು ಎರಡು ಕಡೆಗೂ ಸಮನಾಗಿ ಇಳಿದಿರುವುದೇ ಈ ಹೆಸರಿಗೆ ಕಾರಣ.

ಇವುಗಳಲ್ಲಿ ಅತ್ಯಂತ ರಮಣೀಯವಾದುದು ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದಾಗ ದೊರೆಯುವ ೧೨೩೪೫೬೫೪೩೨೧. ಎಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಇದು ೧೧೧೧೧೧ರ ವರ್ಗ. ಆರು ಒಂದುಗಳುಳ್ಳ ಪಂಕ್ತಿಯನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಸಲ ಬರೆದು ಕೂಡಿಸಿದರೆ, ಅಂಚಿನ ಸ್ಥಾನದಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ಏರಿ ನಡುವೆ ಆರಾಗಿ ಮತ್ತೆ ಇಳಿಯುವುದು. ಯಾವ ಸ್ಥಾನದಲ್ಲಿಯೂ ಮೊತ್ತವು ಒಂಬತ್ತನ್ನು ಮೀರದಿರುವುದರಿಂದ ದಶಕವು ಮುಂದಿನ ಮನೆಗೆ ಹೋಗುವುದಿಲ್ಲ, ಬಂಧವೂ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಚೆಲುವು ಉಳಿಯುವುದು. ಹತ್ತಕ್ಕೆ ಬಂದೊಡನೆ ವರ್ಗವು ೧೨೩೪೫೬೭೯೦೦೯೮೭೬೫೪೩೨೧ ಆಗಿ ಹಾರವು ನಡುವೆ ಹರಿಯುವುದು.

ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವುದು ಸರಿಯಲ್ಲ. ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಇವುಗಳಲ್ಲಿ ಮೊದಲೆರಡರ ಗುಣಲಬ್ಧ ೨೧, ಅದರ ವರ್ಗವೇ ೪೪೧. ಉಳಿದ ಮೂರರ ಗುಣಲಬ್ಧ ೫೨೯೧, ಅದರ ವರ್ಗವೇ ೨೭೯೯೪೬೮೧. ಗುಣ್ಯ ಗುಣಕಗಳೆರಡೂ ಪೂರ್ಣವರ್ಗಗಳಾಗಿ ಬಿದ್ದುದು ಆಕಸ್ಮಿಕವೆನ್ನಲು ಮನಸ್ಸೊಪ್ಪದು. ಹಾರವನ್ನು ಮೊದಲು ಕಟ್ಟಿ, ಆಮೇಲೆ ಅದನ್ನು ಬಿಡಿಸಿ ಆಚಾರ್ಯನು ಲೆಕ್ಕವನ್ನು ಹೂಡಿರಬೇಕು. ಅಂಕಗಳ ಮೊತ್ತ ೩೬ ಕೂಡ ಆರರ ವರ್ಗವೇ ಆಗಿರುವುದು. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಶ್ರೇಢಿಗೆ ಇದು ಸಹಜ.

ಭೂತಸಂಖ್ಯೆಗಳಲ್ಲಿ ಏಕಸ್ಥಾನದ ಅಂಕವನ್ನು ಮೊದಲು ಹೇಳಿ ಎಡಕ್ಕೆ ನಡೆಯುವುದು ಸಂಪ್ರದಾಯ. ಅದನ್ನರಿಯದ ಲಿಪಿಕಾರನು ಬಲಕ್ಕೆ ನಡೆದರೆ ಸಂಖ್ಯೆಯೇ ಬೇರೆಯಾಗುವುದು. ಗತಪ್ರತ್ಯಾಗತಸಂಖ್ಯೆಗೆ ಮಾತ್ರ ಆ ಭಯವಿಲ್ಲ. ಶಿಷ್ಯನಿಗೂ ಇದರಿಂದ ಉಪಕಾರವುಂಟು. ಲಬ್ಧದಲ್ಲಿ ಒಂದು ಅಂಕ ತಪ್ಪಿದರೆ ಎರಡು ಕಡೆಗಳ ಹೊಂದಿಕೆ ಕೆಡುವುದು. ನಡುಮಣಿಯೇ ತಪ್ಪಿದ್ದರೂ ಏರಿಳಿತದ ಕ್ರಮವು ಅದನ್ನು ತೋರಿಸಿಕೊಡುವುದು. ೪೪೧ಕ್ಕೆ ಬದಲಾಗಿ ೪೧೪ ಎಂದು ಬರೆದುಕೊಂಡವನಿಗೆ ದೊರೆಯುವುದು ೧೧೫೮೯೭೯೭೯೩೪. ಗುರುವು ಬಾಯಿ ತೆರೆಯುವ ಮೊದಲೇ ಅವನು ಓಲೆಯನ್ನು ಮತ್ತೊಮ್ಮೆ ನೋಡುವನು.